ಮುಳುಗಿದ ವಿಮಾನ: ಉದ್ಧಾರವೋ, ಜೀರ್ಣೋದ್ಧಾರವೋ?

೧

ಉದ್ಧಾರವೆಂಬ ಶಬ್ದಕ್ಕೆ ಮೇಲಕ್ಕೆತ್ತುವುದು ಎಂಬುದೇ ಮೂಲಾರ್ಥ. ಜಲದಲ್ಲಿ ಮುಳುಗಿಹೋದ ಭೂಮಿಯನ್ನು ವರಾಹಮೂರ್ತಿಯು ಎತ್ತಿ ತಂದ ದೃಶ್ಯವನ್ನು ಬಾದಾಮಿಯ ಗುಹೆಯಲ್ಲಿ ಕಂಡವರಿಗೆ, ಚಾಲುಕ್ಯರ ಲಾಂಛನವು ವರಾಹವೆಂಬುದನ್ನು ಬಲ್ಲವರಿಗೆ, ಈ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಜೀರ್ಣೋದ್ಧಾರವೆಂಬುದು ಇದಕ್ಕಿಂತ ಭಿನ್ನವಾದ ಮಾತು. ಶಿಥಿಲವಾದುದನ್ನು ಸರಿಪಡಿಸಿ ಮತ್ತೆ ಬಳಕೆಗೆ ತರುವುದು ಅದರ ಉದ್ದೇಶ. ನಮ್ಮ ದಾನಶಾಸನಗಳಲ್ಲಿ ದೇವರ ಅಂಗಭೋಗ ರಂಗಭೋಗಗಳ ಜತೆಯಲ್ಲಿಯೇ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಭೂಮಿಯನ್ನು ಬಿಟ್ಟುಕೊಟ್ಟ ಉಲ್ಲೇಖವು ಮತ್ತೆ ಮತ್ತೆ ಬರುತ್ತದೆ.

ಎತ್ತುವುದೂ ಸರಿಪಡಿಸುವುದೂ ಒಂದರ ಹಿಂದೆ ಒಂದು ಸಹಜವಾಗಿ ಬರುವ ಕಾರ್ಯಗಳೆಂದೇ ಸಾಮಾನ್ಯರು ಭಾವಿಸುವರು. ಆದರೆ ಎತ್ತಿದ ವಸ್ತುವು ಬಳಕೆಗಾಗಿ ಅಲ್ಲದೆ ಸಾಕ್ಷ್ಯಕ್ಕಾಗಿ ಬೇಕಾದಾಗ ಇವೆರಡರ ನಡುವೆ ವಿರೋಧವೇ ಹುಟ್ಟುವುದುಂಟು. ಎರಡನೆಯ ಮಹಾಯುದ್ಧದಲ್ಲಿ ಕಡಲಿನಲ್ಲಿಯೂ ಸರೋವರಗಳಲ್ಲಿಯೂ ಮುಳುಗಿದ ವಿಮಾನಗಳನ್ನು ಹೊರತೆಗೆದು ವಸ್ತುಸಂಗ್ರಹಾಲಯಗಳಲ್ಲಿ ಇರಿಸುವ ಕಾರ್ಯದ ಚರಿತ್ರೆಯು ಈ ವಿರೋಧವನ್ನು ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ವಿಮಾನವನ್ನು ನೀರಿನಿಂದ ಎತ್ತುವುದು ಒಂದು ದಿನದ ಸಾಹಸ. ಎತ್ತಿದುದನ್ನು ನಾಶವಾಗದಂತೆ, ಅಷ್ಟೇ ಅಲ್ಲ, ಸುಳ್ಳಾಗದಂತೆ ಉಳಿಸುವುದು ತಲೆಮಾರುಗಳ ಹೊಣೆ. ಇದನ್ನು ಕೆಲವು ನಿದರ್ಶನಗಳಿಂದ ಪರಿಶೀಲಿಸಬಹುದಾಗಿದೆ.

೨

ಮೊದಲನೆಯ ನಿದರ್ಶನವು ಜರ್ಮನಿಯ ಡಾರ್ನಿಯರ್ ೧೭ ಎಂಬ ಬಾಂಬುವಿಮಾನದ್ದು. ಇದರ ಒಡಲು ನೀಳವಾಗಿಯೂ ಸಪೂರವಾಗಿಯೂ ಇದ್ದುದರಿಂದ ಇದಕ್ಕೆ 'ಹಾರುವ ಪೆನ್ಸಿಲ್' ಎಂಬ ಅಡ್ಡಹೆಸರು ಬಂದಿತ್ತು. ಯುದ್ಧಕ್ಕೆ ಮುಂಚೆಯೂ ಯುದ್ಧದ ಆರಂಭದ ವರ್ಷಗಳಲ್ಲಿಯೂ ಈ ಜಾತಿಯ ವಿಮಾನಗಳು ಸುಮಾರು ಎರಡು ಸಾವಿರದಷ್ಟು ತಯಾರಾದುವು. ಯುದ್ಧವು ಮುಗಿದ ಮೇಲೆ ಅಳಿದುಳಿದವೆಲ್ಲ ಗುಜರಿಗೆ ಹೋಗಿ ಕರಗಿದುವು. ಯಾವ ದೇಶದ ಯಾವ ಸಂಗ್ರಹಾಲಯದಲ್ಲಿಯೂ ಒಂದಾದರೂ ಪೂರ್ಣ ವಿಮಾನವು ಉಳಿಯಲಿಲ್ಲ.

೧೯೪೦ರ ಆಗಸ್ಟ್ ೨೬ರಂದು ಇಂಗ್ಲೆಂಡಿನ ವಿಮಾನನಿಲ್ದಾಣಗಳ ಮೇಲೆ ದಾಳಿಗೆಂದು ಬಂದ ಜರ್ಮನ್ ಪಡೆಯ ಒಂದು ಡಾರ್ನಿಯರ್ ಆಂಗ್ಲರ ಯುದ್ಧವಿಮಾನಗಳ ಗುಂಡಿಗೆ ಸಿಕ್ಕಿ, ಕೆಂಟ್ ಪ್ರಾಂತದ ಕರೆಗೆ ಸಮೀಪದ ಗುಡ್ವಿನ್ ಮರಳದಿಬ್ಬಗಳ ಬಳಿ ಕಡಲಿಗೆ ಇಳಿಯಿತು. ಅದರಲ್ಲಿದ್ದ ನಾಲ್ವರಲ್ಲಿ ಇಬ್ಬರು ಸೆರೆಯಾಳುಗಳಾಗಿ ಬದುಕಿದರು, ಇಬ್ಬರು ಸತ್ತರು. ಸತ್ತವರ ದೇಹಗಳು ಕಾಲಕ್ರಮದಲ್ಲಿ ದಡ ಸೇರಿದುವು. ಒಬ್ಬನ ಸಮಾಧಿ ಬ್ರಿಟನ್ನಿನಲ್ಲಿದೆ, ಇನ್ನೊಬ್ಬನದು ಹಾಲೆಂಡಿನಲ್ಲಿದೆ. ಇತ್ತ ವಿಮಾನವು ನೀರಿನಲ್ಲಿ ಮಗುಚಿಕೊಂಡು ತಳವನ್ನು ಮುಟ್ಟಿತು. ಮೇಲೆ ಮರಳು ಸರಿಯಿತು.

ಗುಡ್ವಿನ್ ದಿಬ್ಬಗಳ ಮರಳು ಒಂದೆಡೆ ನಿಲ್ಲುವಂಥದಲ್ಲ. ಪ್ರವಾಹಗಳ ಸೆಳೆತಕ್ಕೆ ಸಿಕ್ಕಿ ಅದು ವರ್ಷದಿಂದ ವರ್ಷಕ್ಕೆ ಜಾಗವನ್ನು ಬದಲಿಸುತ್ತದೆ. ಅನೇಕ ದಶಕಗಳ ಕಾಲ ಹೊದಿಕೆಯಾಗಿ ವಿಮಾನವನ್ನು ಕಾಪಾಡಿದ ಮರಳೇ ಕೊನೆಗೆ ಅದನ್ನು ಬಯಲಿಗೆ ತಂದಿತು. ೨೦೦೮ರಲ್ಲಿ ಮುಳುಗುಗಾರರು ಇದನ್ನು ಗುರುತಿಸಿದರು. ಶಬ್ದತರಂಗಗಳ ಸಹಾಯದಿಂದ ತೆಗೆದ ಚಿತ್ರಗಳಲ್ಲಿ ಸುಮಾರು ೫೦ ಅಡಿಗಳ ಆಳದಲ್ಲಿ ಬೆನ್ನಡಿಯಾಗಿ ಮಲಗಿರುವ ವಿಮಾನದ ಆಕಾರವು ಅಚ್ಚಳಿಯದೆ ಕಾಣಿಸಿತು. ಬಹುಮಟ್ಟಿಗೆ ಪೂರ್ಣವಾಗಿರುವ ಡಾರ್ನಿಯರ್ ೧೭ ಜಗತ್ತಿನಲ್ಲಿ ಇದೊಂದೇ ಎಂಬುದು ಆಗ ಗೊತ್ತಾಯಿತು.

ಇದ್ದಲ್ಲಿಯೇ ಬಿಟ್ಟಿದ್ದರೆ ಆಗುತ್ತಿರಲಿಲ್ಲವೆ ಎಂಬ ಪ್ರಶ್ನೆಯು ಇಲ್ಲಿ ಉಚಿತವಾದುದೇ. ನೀರಿನೊಳಗಿನ ಸಾಂಸ್ಕೃತಿಕ ಅವಶೇಷಗಳನ್ನು ಕುರಿತ ೨೦೦೧ರ ಯುನೆಸ್ಕೊ ಒಡಂಬಡಿಕೆಯು, ಇದ್ದ ಸ್ಥಳದಲ್ಲಿಯೇ ರಕ್ಷಿಸುವುದನ್ನು ಮೊದಲ ಆಯ್ಕೆಯಾಗಿ ಪರಿಗಣಿಸಬೇಕೆಂದು ಹೇಳುತ್ತದೆ. ನೂರು ವರ್ಷ ನೀರಿನಲ್ಲಿದ್ದ ವಸ್ತುಗಳಿಗೆ ಅದು ಅನ್ವಯಿಸುವುದರಿಂದ ೧೯೪೦ರ ವಿಮಾನವು ಅದರ ಪರಿಧಿಗೆ ಬಾರದು. ಆದರೂ ತತ್ತ್ವವು ಗ್ರಾಹ್ಯವೇ. ಬ್ರಿಟನ್ನಿನ ೧೯೮೬ರ ಕಾನೂನೊಂದು ಯುದ್ಧದಲ್ಲಿ ಬಿದ್ದ ಸೇನಾ ವಿಮಾನಗಳನ್ನು ಅನುಮತಿಯಿಲ್ಲದೆ ಮುಟ್ಟಕೂಡದೆಂದು ವಿಧಿಸಿದೆ. ಅವುಗಳಲ್ಲಿ ಅನೇಕವು ಸೈನಿಕರ ಸಮಾಧಿಗಳೂ ಆಗಿವೆಯಷ್ಟೆ. ಗುಡ್ವಿನ್ನಿನ ವಿಮಾನದಲ್ಲಿ ಸತ್ತವರು ಬೇರೆಡೆ ಸಮಾಧಿಸ್ಥರಾಗಿದ್ದುದರಿಂದ ಆ ಆತಂಕವು ಇರಲಿಲ್ಲ. ಮರಳಿನ ಹೊದಿಕೆಯು ಹೋದ ಮೇಲೆ ಪ್ರವಾಹದ ಹೊಡೆತಕ್ಕೂ ಬಲೆಗಳ ಸೆಳೆತಕ್ಕೂ ಅದು ಬಹುಕಾಲ ತಾಳುವಂತಿರಲಿಲ್ಲ. ಆದುದರಿಂದ ಬ್ರಿಟಿಷ್ ವಾಯುಪಡೆಯ ವಸ್ತುಸಂಗ್ರಹಾಲಯವು ಅದನ್ನು ಎತ್ತಲು ನಿಶ್ಚಯಿಸಿತು. ನ್ಯಾಷನಲ್ ಹೆರಿಟೇಜ್ ಮೆಮೋರಿಯಲ್ ಫಂಡ್ ಎಂಬ ನಿಧಿಯು ೩ ಲಕ್ಷ ೪೫ ಸಾವಿರ ಪೌಂಡುಗಳ ನೆರವನ್ನು ನೀಡಿತು.

ವಿಮಾನದ ಸುತ್ತ ಲೋಹದ ಚೌಕಟ್ಟನ್ನು ಕಟ್ಟಿ, ಭಾರವು ಒಂದೇ ಕಡೆ ಬೀಳದಂತೆ ಎತ್ತಬೇಕೆಂಬುದು ಮೊದಲಿನ ಯೋಜನೆ. ಗಾಳಿಯೂ ಅಲೆಯೂ ವಾರಗಟ್ಟಲೆ ಅಡ್ಡಬಂದುವು. ದೋಣಿಯ ಬಾಡಿಗೆ ದಿನದಿನಕ್ಕೆ ಏರುತ್ತಿತ್ತು. ಕೊನೆಗೆ ಚೌಕಟ್ಟನ್ನು ಕೈಬಿಟ್ಟು, ಒಡಲಿನ ಬಲವಾದ ಸ್ಥಾನಗಳನ್ನು ಹುಡುಕಿ ಅಲ್ಲಿಗೆ ಹಗ್ಗಗಳನ್ನು ಕಟ್ಟಿ, ೨೦೧೩ರ ಜೂನ್ ೧೦ರ ಸಂಜೆ ವಿಮಾನವನ್ನು ನೀರಿನಿಂದ ಮೇಲಕ್ಕೆ ತಂದರು. ಎಪ್ಪತ್ತಮೂರು ವರ್ಷಗಳ ಬಳಿಕ ಅದು ಬೆಳಕನ್ನು ಕಂಡಿತು. ಪತ್ರಿಕೆಗಳೂ ದೂರದರ್ಶನದವರೂ ಅಲ್ಲಿಗೆ ಕಥೆಯು ಮುಗಿಯಿತೆಂದು ಬಗೆದರು. ವಾಸ್ತವವಾಗಿ ಅದು ಆರಂಭವಾದುದು ಆಗಲೇ.

೩

ಕಡಲಿನಲ್ಲಿ ದಶಕಗಟ್ಟಲೆ ಉಳಿದ ಲೋಹವು ಹೊರಗೆ ಬಂದೊಡನೆ ಕೆಡತೊಡಗುವುದೇಕೆಂಬುದು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರಬಹುದು. ಅಲ್ಯೂಮಿನಿಯಂ ಲೋಹವು ಗಾಳಿಗೆ ಸೋಕಿದೊಡನೆ ತನ್ನ ಮೈಮೇಲೆ ತೆಳ್ಳನೆಯ ಆಕ್ಸೈಡಿನ ಪೊರೆಯನ್ನು ಬೆಳೆಸಿಕೊಳ್ಳುತ್ತದೆ. ಆ ಪೊರೆಯೇ ಅದರ ಕವಚ. ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡು ಈ ಕವಚವನ್ನು ಅಲ್ಲಲ್ಲಿ ಭೇದಿಸಿ ಒಳಹೊಕ್ಕು ಸಣ್ಣ ಸಣ್ಣ ಕುಳಿಗಳನ್ನು ಕೊರೆಯುತ್ತದೆ. ವಿಮಾನಗಳಿಗೆ ಬಳಸಿದುದು ಶುದ್ಧ ಅಲ್ಯೂಮಿನಿಯಂ ಅಲ್ಲ, ಬಲಕ್ಕಾಗಿ ತಾಮ್ರವನ್ನು ಬೆರೆಸಿದ ಮಿಶ್ರಲೋಹ. ತಾಮ್ರವು ಹೆಚ್ಚಾಗಿರುವ ಕಣಗಳ ಸುತ್ತ ಪುಟ್ಟ ವಿದ್ಯುತ್ಕೋಶಗಳೇ ಏರ್ಪಟ್ಟು ಪಕ್ಕದ ಅಲ್ಯೂಮಿನಿಯಂ ಸವೆಯುತ್ತದೆ. ಉಕ್ಕಿನ ಬೋಲ್ಟುಗಳು ಎಲ್ಲೆಲ್ಲಿ ತಾಗಿವೆಯೋ ಅಲ್ಲಲ್ಲಿ ಇದೇ ವ್ಯಾಪಾರವು ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಮರಳಿನಡಿಯಲ್ಲಿ ಆಮ್ಲಜನಕವು ಕಡಮೆಯಾಗಿದ್ದುದರಿಂದ ಈ ಕ್ರಿಯೆಯು ಮಂದವಾಗಿತ್ತು. ಹೊರಗೆ ಬಂದು ಒಣಗಿದರೆ ಉಪ್ಪು ಗಟ್ಟಿಯಾಗಿ, ಗಾಳಿಯ ತೇವವನ್ನು ಹೀರಿ, ಲೋಹವನ್ನು ಬಿಳಿಯ ಪುಡಿಯನ್ನಾಗಿ ಮಾಡಿಬಿಡುತ್ತದೆ.

ಹೀಗಿರಲು ಉಪ್ಪನ್ನು ಲೋಹದ ಒಳಗಿನಿಂದ ಹೊರಡಿಸದೆ ಒಣಗಿಸುವಂತಿಲ್ಲ. ಕಬ್ಬಿಣದ ವಸ್ತುಗಳಾಗಿದ್ದರೆ ಬಲವಾದ ಕ್ಷಾರದಲ್ಲಿ ನೆನೆಸಿ ಕ್ಲೋರೈಡನ್ನು ತೆಗೆಯುವ ಪದ್ಧತಿಯುಂಟು. ಅಲ್ಯೂಮಿನಿಯಂ ಬಲವಾದ ಕ್ಷಾರದಲ್ಲಿಯೂ ಕರಗುತ್ತದೆ, ಬಲವಾದ ಆಮ್ಲದಲ್ಲಿಯೂ ಕರಗುತ್ತದೆ. ಇವೆರಡರ ನಡುವಿನ ಇಕ್ಕಟ್ಟಾದ ದಾರಿಯನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳು ಪ್ರಯೋಗಗಳಿಂದ ಹುಡುಕಿಕೊಟ್ಟರು. ನಿಂಬೆಯ ಹುಳಿಯಲ್ಲಿರುವ ಸಿಟ್ರಿಕ್ ಆಮ್ಲವನ್ನು ತೆಳುವಾಗಿ ನೀರಿನಲ್ಲಿ ಬೆರೆಸಿ, ಅದರ ತೀಕ್ಷ್ಣತೆಯನ್ನು ಕ್ಷಾರದಿಂದ ತಗ್ಗಿಸಿದ ದ್ರಾವಣವೇ ಆ ಮದ್ದು. ಅದು ಮೈಗೆ ಅಂಟಿದ ಚಿಪ್ಪು ಸುಣ್ಣಗಳನ್ನು ಸಡಿಲಿಸಿ ಉಪ್ಪನ್ನು ತೊಳೆಯುತ್ತದೆ. ಲೋಹವನ್ನು ಮಾತ್ರ ತಿನ್ನುವುದಿಲ್ಲ. ಶ್ರಾಪ್‌ಷೈರ್ ಪ್ರಾಂತದ ಕಾಸ್ಫರ್ಡಿನಲ್ಲಿ, ತೋಟಗಾರರು ಸಸಿಗಳಿಗೆ ಕಟ್ಟುವಂತಹ ಪ್ಲಾಸ್ಟಿಕ್ಕಿನ ಉದ್ದನೆಯ ಕಮಾನುಮನೆಗಳನ್ನು ಕಟ್ಟಿ, ಬಿಚ್ಚಿದ ವಿಮಾನದ ಒಡಲನ್ನೂ ರೆಕ್ಕೆಗಳನ್ನೂ ಅದರಲ್ಲಿಟ್ಟು, ಈ ದ್ರಾವಣವನ್ನು ಹಗಲಿರುಳು ಸಿಂಪಡಿಸಿದರು. ಎರಡು ವರ್ಷಗಳೊಳಗೆ ಮುಗಿಯಬಹುದೆಂದು ಎಣಿಸಿದ ಕಾರ್ಯವು ಅದಕ್ಕಿಂತಲೂ ಹೆಚ್ಚು ಕಾಲವನ್ನು ಬೇಡಿತು.

ಎತ್ತಲು ಹಿಡಿದ ಕಾಲವು ಕೆಲವು ಗಂಟೆಗಳು, ತೊಳೆಯಲು ಹಿಡಿದ ಕಾಲವು ವರ್ಷಗಳು. ಎತ್ತುವ ದಿನದ ಉತ್ಸಾಹಕ್ಕೆ ಹಣವನ್ನು ಕೊಡುವವರು ಅನೇಕರಿರುವರು. ನಲ್ಲಿಯಿಂದ ಹನಿ ಬೀಳುವುದನ್ನು ಕಾಯುವ ಸಾವಿರ ದಿನಗಳಿಗೆ ಕೊಡುವವರು ವಿರಳ. ನಮ್ಮ ಹಿಂದಿನ ದಾನಿಗಳು ಗುಡಿಯನ್ನು ಕಟ್ಟಿಸಿ ಸುಮ್ಮನಾಗದೆ, ಅದು ಮುಂದೆ ಒಡೆಯುವುದನ್ನೂ ಬಿರಿಯುವುದನ್ನೂ ಮುಂಗಂಡು ಅದಕ್ಕೆಂದೇ ಗದ್ದೆಯ ಹುಟ್ಟುವಳಿಯನ್ನು ಬಿಟ್ಟುಕೊಟ್ಟುದರ ವಿವೇಕವು ಇಲ್ಲಿ ಮನವರಿಕೆಯಾಗುತ್ತದೆ. ಮೂಲಧನವನ್ನು ಒದಗಿಸಿ ನಿತ್ಯವೆಚ್ಚವನ್ನು ಮರೆತ ಯಾವ ಸಂಸ್ಥೆಯೂ ಬಾಳಲಾರದು.

೪

ಉಪ್ಪಿಲ್ಲದ ನೀರಿನಲ್ಲಿ ಮುಳುಗಿದ ವಿಮಾನಗಳ ಅದೃಷ್ಟವು ಇದಕ್ಕಿಂತ ಮೇಲು. ಅಲ್ಲಿ ರಸಾಯನದ ತೊಡಕು ಕಡಮೆ. ಆದರೆ ಎತ್ತಿದ ವಿಮಾನವನ್ನು ಏನು ಮಾಡಬೇಕೆಂಬ ಪ್ರಶ್ನೆಯು ಅಷ್ಟೇ ನೇರವಾಗಿ ಎದುರಾಗುತ್ತದೆ. ಇದಕ್ಕೆ ಹ್ಯಾಲಿಫ್ಯಾಕ್ಸ್ ಎಂಬ ಬ್ರಿಟಿಷ್ ಬಾಂಬುವಿಮಾನದ ಎರಡು ಪ್ರತಿಗಳು ಎರಡು ಭಿನ್ನವಾದ ಉತ್ತರಗಳನ್ನು ಕೊಟ್ಟಿವೆ. ಎರಡೂ ದೊರೆತುದು ನಾರ್ವೆ ದೇಶದ ಸರೋವರಗಳಲ್ಲಿ.

೧೯೪೨ರ ಏಪ್ರಿಲ್ ೨೭ರ ರಾತ್ರಿ ಜರ್ಮನಿಯ ಟಿರ್ಪಿಟ್ಸ್ ಎಂಬ ಮಹಾನೌಕೆಯನ್ನು ನಾಶಮಾಡಲು ಸ್ಕಾಟ್ಲೆಂಡಿನಿಂದ ಹೊರಟ ಹ್ಯಾಲಿಫ್ಯಾಕ್ಸ್ ಒಂದು ಗುಂಡೇಟಿನಿಂದ ಜರ್ಜರಿತವಾಗಿ ಹೆಪ್ಪುಗಟ್ಟಿದ ಹಾಕ್ಲಿಂಗೆನ್ ಸರೋವರದ ಮೇಲೆ ಇಳಿಯಿತು. ಕಾಲು ಮುರಿದುಕೊಂಡ ಒಬ್ಬನು ಸೆರೆಸಿಕ್ಕಿದನು. ಉಳಿದವರು ಹಿಮದಲ್ಲಿ ನಡೆದು ಸ್ವೀಡನ್ನನ್ನು ಸೇರಿದರು. ಹಿಮವು ಕರಗಿ ವಿಮಾನವು ತಳ ಸೇರಿತು. ೧೯೭೩ರಲ್ಲಿ ಅದನ್ನು ಎತ್ತಿ ಲಂಡನ್ನಿನ ಹೆಂಡನ್‌ಗೆ ತಂದರು. ಅಲ್ಲಿ ಅದನ್ನು ಹೊಸದರಂತೆ ಮಾಡುವ ಬದಲು ಬಹುಮಟ್ಟಿಗೆ ಸಿಕ್ಕಿದ ಸ್ಥಿತಿಯಲ್ಲಿಯೇ ಇಡಲಾಗಿದೆ. ಹರಿದ ಲೋಹದ ಹಾಳೆಗಳು, ತುಕ್ಕು, ಮಾಸಿದ ಬಣ್ಣ ಎಲ್ಲವೂ ಹಾಗೆಯೇ ಇವೆ.

ಎರಡನೆಯ ಹ್ಯಾಲಿಫ್ಯಾಕ್ಸ್ ೧೯೪೫ರ ಏಪ್ರಿಲಿನಲ್ಲಿ, ಯುದ್ಧವು ಮುಗಿಯಲು ಕೆಲವೇ ದಿನಗಳಿರುವಾಗ, ನಾರ್ವೆಯ ಸ್ವಾತಂತ್ರ್ಯಯೋಧರಿಗೆ ಸಾಮಗ್ರಿಗಳನ್ನು ಇಳಿಸಿ ಹಿಂದಿರುಗುವಾಗ ಗುಂಡೇಟು ತಿಂದು ಮ್ಯೋಸ ಸರೋವರಕ್ಕೆ ಬಿದ್ದಿತು. ಚಳಿನೀರಿನಲ್ಲಿ ಒಬ್ಬನ ಹೊರತು ಎಲ್ಲರೂ ಮಡಿದರು. ೧೯೯೫ರಲ್ಲಿ ಏಳುನೂರು ಅಡಿಗೂ ಮೀರಿದ ಆಳದಿಂದ ಅದನ್ನು ತೆಗೆದು ಕೆನಡದ ಟ್ರೆಂಟನ್ನಿಗೆ ಒಯ್ದರು. ಅಲ್ಲಿನ ಸ್ವಯಂಸೇವಕರು ಹತ್ತು ವರ್ಷ ದುಡಿದು, ಕೆಟ್ಟ ಭಾಗಗಳಿಗೆ ಬದಲಾಗಿ ಹೊಸ ಭಾಗಗಳನ್ನು ಮಾಡಿ, ಬಣ್ಣ ಬಳಿದು, ಕಾರ್ಖಾನೆಯಿಂದ ಹೊರಬಂದ ದಿನದ ರೂಪಕ್ಕೆ ತಂದರು. ೨೦೦೫ರಲ್ಲಿ ಅದು ಪೂರ್ಣ ವಿಮಾನವಾಗಿ ಜನರೆದುರು ನಿಂತಿತು.

ಅಮೆರಿಕದ ಮಿಷಿಗನ್ ಸರೋವರದ ನಿದರ್ಶನವು ಈ ಎರಡರ ನಡುವಿನದು. ಯುದ್ಧಕಾಲದಲ್ಲಿ ಅಲ್ಲಿ ಎರಡು ಹಳೆಯ ಚಕ್ರದ ಹಡಗುಗಳಿಗೆ ವಿಮಾನವಿಳಿಯುವ ಹಾಸನ್ನು ಕಟ್ಟಿ, ನೌಕಾವಿಮಾನಿಕರಿಗೆ ಇಳಿಯುವ ತರಬೇತಿಯನ್ನು ಕೊಡುತ್ತಿದ್ದರು. ತಪ್ಪಿ ನೀರಿಗೆ ಬಿದ್ದ ವಿಮಾನಗಳು ನೂರಕ್ಕೂ ಹೆಚ್ಚು. ಅವುಗಳಲ್ಲೊಂದು ೧೯೪೩ರ ಜೂನಿನಲ್ಲಿ ಮುಳುಗಿದ, ೨೧೦೬ನೆಯ ಸಂಖ್ಯೆಯ ಡಾಂಟ್‌ಲೆಸ್ ವಿಮಾನ. ೧೯೪೧ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ದಾಳಿಯ ದಿನ ಅದು ಅಲ್ಲಿತ್ತು. ೧೯೪೨ರ ಜೂನ್ ೪ರಂದು ಮಿಡ್‌ವೇ ಯುದ್ಧದಲ್ಲಿ ಹೋರಾಡಿ, ೨೧೯ ತೂತುಗಳೊಡನೆ ಹಿಂದಿರುಗಿತ್ತು. ಅದನ್ನು ೧೯೯೦ರ ದಶಕದಲ್ಲಿ ಹೊರತೆಗೆದು ಶುದ್ಧಗೊಳಿಸುವಾಗ ಆ ತೂತುಗಳಿಗೆ ಯುದ್ಧಕಾಲದಲ್ಲಿ ಹಾಕಿದ ತೇಪೆಗಳು ಕಾಣಿಸಿದುವು. ಪುಸ್ತಕಗಳಲ್ಲಿ ಓದಿದ ಸಂಗತಿಗೆ ಲೋಹವೇ ಸಾಕ್ಷಿ ನುಡಿಯಿತು. ಆ ತಗಡುಗಳನ್ನು ಕಿತ್ತು ಹೊಸ ತಗಡುಗಳನ್ನು ಹೊದಿಸಿದ್ದರೆ ವಿಮಾನವು ಅಂದವಾಗುತ್ತಿತ್ತು, ಸಾಕ್ಷಿಯು ಮೂಕವಾಗುತ್ತಿತ್ತು.

೫

ಇವುಗಳಲ್ಲಿ ಯಾವುದು ಯುಕ್ತವಾದ ಮಾರ್ಗ? ಕಟ್ಟಡಗಳ ವಿಷಯದಲ್ಲಿ ಈ ವಿವಾದವು ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ನಡೆದುಬಂದಿದೆ. ಫ್ರಾನ್ಸಿನ ವಿಯೊಲೆ-ಲೆ-ದ್ಯುಕ್ ಹಳೆಯ ದೇವಾಲಯಗಳನ್ನೂ ಕೋಟೆಗಳನ್ನೂ ಪೂರ್ಣಗೊಳಿಸುವ ಪಕ್ಷವನ್ನು ಹಿಡಿದನು. ಇಂಗ್ಲೆಂಡಿನ ರಸ್ಕಿನ್ ಅಂತಹ ಪೂರ್ಣತೆಯನ್ನು ಕಟುವಾಗಿ ಖಂಡಿಸಿದನು. ಭಾರತದಲ್ಲಿ ಪುರಾತತ್ತ್ವ ಇಲಾಖೆಯ ಜಾನ್ ಮಾರ್ಷಲ್ ೧೯೨೩ರ ತನ್ನ ಕೈಪಿಡಿಯಲ್ಲಿ, ಇರುವುದನ್ನು ಕಾಪಾಡುವುದೇ ಮುಖ್ಯ, ಇಲ್ಲದುದನ್ನು ಕಲ್ಪಿಸಿ ಸೇರಿಸುವುದಲ್ಲ ಎಂಬ ನಿಲುವನ್ನು ನೆಲೆಗೊಳಿಸಿದನು.

ಕನ್ನಡ ವಿದ್ವಾಂಸರಿಗೆ ಇದಕ್ಕಿಂತಲೂ ಸಮೀಪದ ದಾರಿಯೊಂದು ಗೊತ್ತಿದೆ. ಅದು ಗ್ರಂಥಸಂಪಾದನೆಯ ದಾರಿ. ಶಾಸನದ ಕಲ್ಲಿನಲ್ಲಿ ಅಕ್ಷರಗಳು ಅಳಿಸಿಹೋಗಿದ್ದರೆ ಸಂಪಾದಕನು ಉಳಿಯನ್ನು ಹಿಡಿದು ತನಗೆ ತೋಚಿದ ಅಕ್ಷರಗಳನ್ನು ಅಲ್ಲಿ ಕೆತ್ತುವುದಿಲ್ಲ. ಕಲ್ಲನ್ನು ಕಲ್ಲಾಗಿಯೇ ಬಿಟ್ಟು, ಮುದ್ರಿತ ಪಾಠದಲ್ಲಿ ತಾನು ಊಹಿಸಿದ ಅಕ್ಷರಗಳನ್ನು ಕಂಸದೊಳಗೆ ಇಡುತ್ತಾನೆ. ಓದುಗನಿಗೆ ಅರ್ಥವೂ ದೊರೆಯುತ್ತದೆ, ಯಾವುದು ಮೂಲ ಯಾವುದು ಊಹೆ ಎಂಬುದೂ ತಿಳಿಯುತ್ತದೆ. ಊಹೆಯು ತಪ್ಪೆಂದು ನಾಳೆ ಇನ್ನೊಬ್ಬನು ತೋರಿಸಿದರೆ ಕಂಸವನ್ನು ತಿದ್ದಬಹುದು, ಕಲ್ಲಿಗೆ ಅಪಾಯವಿಲ್ಲ.

ವಿಮಾನಕ್ಕೂ ಇದೇ ನ್ಯಾಯವು ಸಲ್ಲುತ್ತದೆ. ಹೊಸ ಭಾಗವನ್ನು ಸೇರಿಸಲೇಬೇಕಾದರೆ ಅದು ಹೊಸದೆಂದು ಗೊತ್ತಾಗುವಂತಿರಬೇಕು, ಮೂಲಕ್ಕೆ ಹಾನಿಯಾಗದಂತೆ ತೆಗೆಯಲು ಬರುವಂತಿರಬೇಕು, ಏನು ಸೇರಿತು ಏನು ಹೋಯಿತು ಎಂಬುದರ ದಾಖಲೆಯಿರಬೇಕು. ಇವು ಮೂರೂ ಸೇರಿ ಲೋಹದಲ್ಲಿ ಹಾಕಿದ ಕಂಸವಾಗುತ್ತವೆ.

ಟ್ರೆಂಟನ್ನಿನವರ ಪಕ್ಷದಲ್ಲಿ ಹೇಳಬೇಕಾದುದೂ ಉಂಟು. ಕೆನಡದ ಸಾವಿರಾರು ತರುಣರು ಹ್ಯಾಲಿಫ್ಯಾಕ್ಸ್ ವಿಮಾನಗಳಲ್ಲಿ ಹಾರಿ ಮಡಿದರು. ಅವರ ಬಂಧುಗಳಿಗೆ ಬೇಕಾಗಿದ್ದುದು ಪರಿಶೋಧನೆಯ ಸಾಮಗ್ರಿಯಲ್ಲ, ಸ್ಮಾರಕ. ತಗಡಿನ ಮುದ್ದೆಯೆದುರು ನಿಂತ ಬಾಲಕನಿಗೆ ವಿಮಾನದ ಕಲ್ಪನೆಯು ಬಾರದು. ಪೂರ್ಣವಾದುದನ್ನು ಕಂಡರೆ ಬರುತ್ತದೆ. ಇದು ಅಲ್ಲಗಳೆಯುವ ಮಾತಲ್ಲ. ಆದರೂ ಟ್ರೆಂಟನ್ನಿನ ಕಾರ್ಯವು ಸಹ್ಯವಾಗುವುದಕ್ಕೆ ಹೆಂಡನ್ನಿನಲ್ಲಿ ಅದೇ ಜಾತಿಯ ವಿಮಾನವು ತಿದ್ದಲ್ಪಡದೆ ಉಳಿದಿರುವುದೂ ಒಂದು ಕಾರಣ. ಒಂದು ಕಾವ್ಯಕ್ಕೆ ಎರಡು ಓಲೆಪ್ರತಿಗಳಿದ್ದು, ಒಂದನ್ನು ಹಾಗೆಯೇ ಕಾಪಾಡಿ ಇನ್ನೊಂದನ್ನು ವಾಚನಕ್ಕೆ ಸಿದ್ಧಗೊಳಿಸಿದಂತೆ ಇದು. ಡಾರ್ನಿಯರ್ ೧೭ಕ್ಕೆ ಈ ಅನುಕೂಲವಿಲ್ಲ. ಅದು ಏಕೈಕ ಪ್ರತಿ. ಏಕೈಕ ಪ್ರತಿಯ ಮೇಲೆ ಲೇಖನಿಯನ್ನಾಡಿಸುವ ಅಧಿಕಾರವು ಯಾವ ಸಂಪಾದಕನಿಗೂ ಇಲ್ಲ. ಅದನ್ನು ಹೊಸದಾಗಿ ಮಾಡದೆ, ಕಡಲು ಕೊಟ್ಟ ರೂಪದಲ್ಲಿಯೇ ಸ್ಥಿರಗೊಳಿಸಬೇಕೆಂದು ಅದರ ಪಾಲಕರು ನಿರ್ಧರಿಸಿದುದು ಉಚಿತವಾದುದೇ ಸರಿ.

ಶತ್ರುವಿನ ವಿಮಾನಕ್ಕೆ ಆಂಗ್ಲರು ಇಷ್ಟು ವ್ಯಯಮಾಡಿದುದೇಕೆಂದು ಕೇಳುವವರೂ ಇರಬಹುದು. ವೀರಗಲ್ಲುಗಳ ನಾಡಿನವರಿಗೆ ಈ ಪ್ರಶ್ನೆಗೆ ಉತ್ತರವು ಕಷ್ಟವಲ್ಲ. ಕಾಳಗದಲ್ಲಿ ಬಿದ್ದವನ ನೆನಪಿಗೆ ಕಲ್ಲು ನಿಲ್ಲಿಸಿದರು; ಅವನ ಒಡೆಯನು ಗೆದ್ದನೋ ಸೋತನೋ ಎಂಬುದು ಇಂದು ಆ ಕಲ್ಲನ್ನು ಓದುವವನಿಗೆ ಮುಖ್ಯವಲ್ಲ. ಎರಡೂ ಪಕ್ಷಗಳ ತರುಣರ ಸಾವಿಗೆ ಈ ವಿಮಾನವು ಸಾಕ್ಷಿಯಾಗಿ ನಿಲ್ಲುತ್ತದೆ.

೬

ಡಾರ್ನಿಯರನ್ನು ಎತ್ತಿದ ಆ ಬ್ರಿಟಿಷ್ ಸಂಗ್ರಹಾಲಯದ ಸೊತ್ತಿನಲ್ಲಿಯೇ ಬೆಂಗಳೂರಿನ ಕೈಕೆಲಸದಿಂದ ಬದುಕಿದ ಒಂದು ವಿಮಾನವೂ ಇದೆಯೆಂಬುದು ಕನ್ನಡಿಗರು ತಿಳಿಯಬೇಕಾದ ಸಂಗತಿ. ಅದು ನೀರಿನಲ್ಲಿ ಮುಳುಗಿದುದಲ್ಲ. ನೆಲದ ಮೇಲೆಯೇ ಕೈಬಿಟ್ಟುದು. ಯುದ್ಧವು ಮುಗಿದ ಮೇಲೆ ಬ್ರಿಟಿಷರು ಅಮೆರಿಕದಿಂದ ಪಡೆದಿದ್ದ ಲಿಬರೇಟರ್ ಎಂಬ ಭಾರಿ ಬಾಂಬುವಿಮಾನಗಳನ್ನು ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋದರು. ೧೯೪೦ರಲ್ಲಿ ವಾಲ್ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಕಾರದಿಂದ ಸ್ಥಾಪಿಸಿದ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯವರು ೧೯೪೮ರಿಂದ ಅವುಗಳಲ್ಲಿ ಸುಮಾರು ನಲವತ್ತನ್ನು ಆಯ್ದು, ಅಲ್ಲಿಯೇ ಹಾರುವಷ್ಟು ಸರಿಪಡಿಸಿ, ಬೆಂಗಳೂರಿಗೆ ಹಾರಿಸಿ ತಂದು ಪೂರ್ಣವಾಗಿ ಸಜ್ಜುಗೊಳಿಸಿದರು. ಭಾರತದ ವಾಯುಪಡೆಯಲ್ಲಿ ಅವು ೧೯೬೮ರವರೆಗೆ ಸೇವೆ ಸಲ್ಲಿಸಿದುವು. ಅವುಗಳಲ್ಲೊಂದನ್ನು ೧೯೭೪ರಲ್ಲಿ ಭಾರತವು ಬ್ರಿಟಿಷ್ ವಾಯುಪಡೆಯ ಸಂಗ್ರಹಾಲಯಕ್ಕೆ ಕೊಟ್ಟಿತು. ಅದು ಇಲ್ಲಿಂದ ಹಾರಿಕೊಂಡೇ ಇಂಗ್ಲೆಂಡನ್ನು ಸೇರಿತು.

ಬೆಂಗಳೂರಿನವರು ಮಾಡಿದುದು ನಿಜವಾದ ಜೀರ್ಣೋದ್ಧಾರ. ಹೊಸ ರಾಷ್ಟ್ರಕ್ಕೆ ಹಾರುವ ವಿಮಾನಗಳು ಬೇಕಾಗಿದ್ದುವು. ಮುರಿದುದನ್ನು ಬದಲಿಸುವುದೇ ಧರ್ಮವಾಗಿತ್ತು. ಕಾಸ್ಫರ್ಡಿನವರು ಮಾಡಿದುದು ಉದ್ಧಾರ ಮಾತ್ರ, ಅದಕ್ಕಿಂತ ಮುಂದೆ ಹೋಗದಿರುವ ಸಂಯಮದೊಡನೆ. ದೀಪ ಬೆಳಗಬೇಕಾದ ಗುಡಿಗೆ ಬಿರಿದ ಕಂಬವನ್ನು ಬದಲಿಸಬೇಕು. ಆ ಗುಡಿಯ ಅಂಗಳದ ಶಾಸನಕ್ಕೆ ಸುಣ್ಣವನ್ನೂ ಬಣ್ಣವನ್ನೂ ಬಳಿಯಬಾರದು. ನಮ್ಮ ಊರುಗಳಲ್ಲಿ ಈ ಎರಡನ್ನೂ ಒಂದೇ ಎಂದು ಬಗೆದು, ಭಕ್ತಿಯಿಂದಲೇ ಎಷ್ಟೋ ಅಕ್ಷರಗಳನ್ನು ಮುಚ್ಚಿಹಾಕಿರುವುದುಂಟು. ಕಡಲಿನಿಂದ ಬಂದ ವಿಮಾನವನ್ನು ವರ್ಷಗಟ್ಟಲೆ ಹುಳಿನೀರಿನಲ್ಲಿ ತೊಳೆದು, ಬಣ್ಣವನ್ನು ಬಳಿಯದೆ ಬಿಟ್ಟವರ ತಾಳ್ಮೆಯು ಆ ಅಂಗಳಗಳಿಗೂ ಬೇಕಾಗಿದೆ.